ಕೊಡಗಿನ ಮಳೆಯಲ್ಲಿ ಎನ್‌ಬಿಎ ತರಹದ ಮರದ ಕೋರ್ಟ್ ಉಳಿಯುತ್ತದಾ?

ಪ್ರಶ್ನೆ: "ನಾನು ಗೋಣಿಕೊಪ್ಪದ ಹತ್ತಿರದ ಒಂದು ಶಾಲೆಯಲ್ಲಿ ಪಿ.ಟಿ. ಟೀಚರ್. ನಮ್ಮಲ್ಲಿ ಹಾಕಿ ಬಿಟ್ಟರೆ ಮಕ್ಕಳು ಜಾಸ್ತಿ ಆಡುವುದು ಬಾಸ್ಕೆಟ್‌ಬಾಲ್. ಇರುವುದು ಬಯಲಿನ ಸಿಮೆಂಟ್ ಕೋರ್ಟ್. ಜೂನ್‌ನಿಂದ ಸೆಪ್ಟೆಂಬರ್ ತನಕ ಪಾಚಿ ಕಟ್ಟಿ ಕಾಲಿಡಲು ಆಗುವುದಿಲ್ಲ. ಹಳೇ ವಿದ್ಯಾರ್ಥಿಗಳು ಹಣ ಕೂಡಿಸಿದ್ದಾರೆ. ಶೀಟ್ ಹೊದಿಸಿದ ಒಳಾಂಗಣ ಹಾಲ್ ಕಟ್ಟಿಸುವುದು ಅಂತ ತೀರ್ಮಾನ ಆಗಿದೆ. ಕಮಿಟಿಯವರಿಗೆಲ್ಲ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ತಂಡಗಳ ಹೋಮ್ ಅರೇನಾದಲ್ಲಿ ಇರುವಂಥ ಮರದ ನೆಲವೇ ಬೇಕು. ಕಾಂಟ್ರಾಕ್ಟರ್ ವಿದೇಶಿ ಮೇಪಲ್ ಹೇಳುತ್ತಿದ್ದಾರೆ. ಕಮಿಟಿಯ ಹಿರಿಯರೊಬ್ಬರು, ಬಾಸ್ಟನ್‌ನವರ ನೆಲ ಓಕ್ ಮರದ್ದಂತೆ, ನಮ್ಮ ತೋಟದಲ್ಲೇ ಸಿಲ್ವರ್ ಓಕ್ ಇದೆ, ತೇಗ ಇದೆ, ಸುಮ್ನೆ ಯಾಕೆ ಖರ್ಚು ಅನ್ನುತ್ತಾರೆ. ಅಲ್ಲಿ ಐಸ್ ಮೇಲೇ ಮರ ಹಾಸಿ ಆಡುತ್ತಾರೆ, ಅದೇ ಹಾಳಾಗಲ್ಲ ಅಂದ ಮೇಲೆ ನಮ್ಮ ಮಳೆ ಯಾವ ಲೆಕ್ಕ ಅನ್ನುವುದು ಇನ್ನೊಬ್ಬರ ವಾದ. ಮರ ಹಾಕಿದರೆ ಮಕ್ಕಳಿಗೆ ಮಂಡಿ ನೋವು ಬರುವುದಿಲ್ಲ ಅಂತಲೂ ಹೇಳುತ್ತಾರೆ. ಹಾಲ್‌ನಲ್ಲಿ ಸ್ಕೂಲ್ ಡೇ, ಊರಿನ ಒಂದೆರಡು ಕಾರ್ಯಕ್ರಮವೂ ನಡೆಯುತ್ತದೆ. ಇಷ್ಟು ದುಡ್ಡು ಮತ್ತೆ ಸಿಗುವುದಿಲ್ಲ. ನನಗೆ ಭಯ. ಏನು ಮಾಡಲಿ?"

ಉತ್ತರ: ಮೇಡಂ, ನಿಮ್ಮ ಭಯ ಸರಿಯಾಗಿಯೇ ಇದೆ. ನೀವು ಐದಾರು ಪ್ರಶ್ನೆ ಕೇಳಿದ್ದೀರಿ, ಆದರೆ ಎಲ್ಲದರ ಒಳಗೆ ಇರುವುದು ಒಂದೇ: ಒಂದೇ ಸಲ ಸಿಗುವ ದುಡ್ಡನ್ನು ಮರಕ್ಕೆ ಹಾಕಿದರೆ ಆ ನೆಲ ನಾಲ್ಕಾರು ಮಳೆಗಾಲ ದಾಟುತ್ತದಾ? ಕ್ರೀಡಾ ಹಾಲ್‌ಗಳಿಗೆ ನೆಲ ಹಾಕಿಸುವುದು, ಕೆಟ್ಟ ನೆಲ ಯಾಕೆ ಕೆಟ್ಟಿತು ಅಂತ ನೋಡಿ ಹೇಳುವುದು ನನ್ನ ಕೆಲಸ. ಆದ್ದರಿಂದ ಸುತ್ತಿಬಳಸದೆ ಹೇಳುತ್ತೇನೆ. ನೀವು ಬರೆದಿರುವಂಥ ಹಾಲ್‌ಗೆ, ಅಂದರೆ ಮೇಲೆ ಶೀಟ್, ಸುತ್ತ ಕಿಟಕಿ, ವರ್ಷಕ್ಕೆ ಒಂದೆರಡು ಸಲ ಊರಿನ ಕಾರ್ಯಕ್ರಮ ಇರುವ ಹಾಲ್‌ಗೆ, ಈಗಲೇ ಮರ ಹಾಕಿಸಬೇಡಿ. ಮರ ಕೆಟ್ಟದ್ದು ಅಂತ ಅಲ್ಲ. ಎನ್‌ಬಿಎ ಅರೇನಾದಲ್ಲಿ ಟಿವಿಗೆ ಕಾಣುವುದು ಮರ, ಅದನ್ನು ಉಳಿಸುತ್ತಿರುವ ಯಂತ್ರಗಳು ಕಾಣುವುದಿಲ್ಲ. ನಾವು ಕಂಡದ್ದನ್ನು ಮಾತ್ರ ಕೊಂಡು ತಂದರೆ ಕೊಡಗಿನ ಜುಲೈ ಅದನ್ನು ಬಿಡುವುದಿಲ್ಲ.

ಐಸ್ ವಿಷಯ ಮೊದಲು ಮುಗಿಸೋಣ, ಕಮಿಟಿಯಲ್ಲಿ ಅದೇ ದೊಡ್ಡ ವಾದ ಆಗಿದೆ ಅಲ್ವಾ. ಬಾಸ್ಟನ್‌ನ ಟಿಡಿ ಗಾರ್ಡನ್, ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್, ಷಿಕಾಗೋದ ಯುನೈಟೆಡ್ ಸೆಂಟರ್ ಇವೆಲ್ಲ ಬಾಸ್ಕೆಟ್‌ಬಾಲ್ ತಂಡಕ್ಕೂ ಐಸ್ ಹಾಕಿ ತಂಡಕ್ಕೂ ಮನೆ. ಹಾಕಿ ಸೀಸನ್ ಪೂರ್ತಿ ಐಸ್ ಅಲ್ಲೇ ಇರುತ್ತದೆ, ನಿಜ. ಆದರೆ ಮರ ಐಸ್ ಮೇಲೆ ನೇರವಾಗಿ ಕೂರುವುದಿಲ್ಲ. ಐಸ್ ಮೇಲೆ ಮೊದಲು ಶಾಖ ತಡೆಯುವ ದಪ್ಪ ಹಲಗೆಗಳ ಪದರ ಹಾಸುತ್ತಾರೆ. ಅದರ ಮೇಲೆ ಸುಮಾರು 4 ಅಡಿಗೆ 8 ಅಡಿ ಅಳತೆಯ ಮರದ ಪ್ಯಾನೆಲ್‌ಗಳನ್ನು ಒಂದಕ್ಕೊಂದು ಜೋಡಿಸಿ ಬಿಗಿಯುತ್ತಾರೆ. ಆಟ ಮುಗಿದ ಮೇಲೆ ಅದೇ ರಾತ್ರಿ ಬಿಚ್ಚಿ ಒಣ ಜಾಗದಲ್ಲಿ ಪೇರಿಸಿಡುತ್ತಾರೆ. ಅಂದರೆ ಆ ನೆಲ ಬೇಕಾದಾಗ ಬಂದು ಹೋಗುವ ನೆಲ. ಇನ್ನೊಂದು ವಿಷಯ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಗಾಳಿಯಲ್ಲಿ ತೇವ ಇದ್ದರೆ ಐಸ್ ಮೇಲೆ ಮಂಜು ಕಟ್ಟಿ ಹಾಕಿ ಆಡುವುದೂ ಕಷ್ಟ. ಹಾಗಾಗಿ ಐಸ್ ಇರುವ ಅರೇನಾದಲ್ಲಿ ಗಾಳಿಯಿಂದ ನೀರು ಹಿಂಡುವ ದೊಡ್ಡ ಯಂತ್ರಗಳು ಇರಲೇಬೇಕು. ನಿಮ್ಮ ಕಮಿಟಿಯವರು ಐಸ್ ಇದೆ, ತೇವ ಇದೆ, ಆದರೂ ಮರ ಉಳಿದಿದೆ ಅಂದುಕೊಂಡಿದ್ದಾರೆ. ಐಸ್ ಇರುವುದರಿಂದಲೇ ಅಲ್ಲಿನ ಗಾಳಿಯನ್ನು ಅಷ್ಟು ಒಣಗಿಸಿ ಇಟ್ಟಿರುತ್ತಾರೆ.

ಅಷ್ಟೆಲ್ಲ ಇದ್ದೂ ಅವರಿಗೂ ಸೋಲಾಗಿದೆ. 2016ರ ನವೆಂಬರ್ 30ರಂದು ಫಿಲಡೆಲ್ಫಿಯಾದಲ್ಲಿ 76ರ್ಸ್ ಮತ್ತು ಸ್ಯಾಕ್ರಮೆಂಟೊ ಕಿಂಗ್ಸ್ ಆಡಬೇಕಿತ್ತು. ಅರೇನಾದ ನೆಲದ ಮೇಲೆ ತೇವ ಕೂತಿತು, ಎಷ್ಟು ಒರೆಸಿದರೂ ಹೋಗಲಿಲ್ಲ, ಪಂದ್ಯ ಮುಂದಕ್ಕೆ ಹಾಕಿದರು. ಕೆಳಗೆ ಐಸ್, ಹೊರಗೆ ಆ ಕಾಲಕ್ಕೆ ಮೀರಿದ ಬೆಚ್ಚಗಿನ ಮಳೆಯ ಹವೆ. ಅದಕ್ಕೂ ಮೊದಲು, 2012ರ ನವೆಂಬರ್‌ನಲ್ಲಿ, ಅಮೆರಿಕದ ಕಾಲೇಜು ತಂಡಗಳಿಗಾಗಿ ನೌಕಾಪಡೆಯ ಹಡಗುಗಳ ಡೆಕ್ ಮೇಲೆ ಮರದ ಕೋರ್ಟ್ ಹಾಸಿ ಪಂದ್ಯ ಇಟ್ಟಿದ್ದರು. ಫ್ಲಾರಿಡಾ ಮತ್ತು ಜಾರ್ಜ್‌ಟೌನ್ ಪಂದ್ಯ ಅರ್ಧಕ್ಕೆ ನಿಂತಿತು. ಅದೇ ರಾತ್ರಿ ಇನ್ನೊಂದು ಹಡಗಿನ ಮೇಲೆ ಒಹಾಯೊ ಸ್ಟೇಟ್ ಮತ್ತು ಮಾರ್ಕ್ವೆಟ್ ಆಡಬೇಕಿದ್ದ ಪಂದ್ಯ ಪೂರ್ತಿ ರದ್ದಾಯಿತು. ಎರಡೂ ಕಡೆ ಮಳೆ ಸುರಿದಿರಲಿಲ್ಲ. ಸಂಜೆಯಾದಂತೆ ಮರ ತಣ್ಣಗಾಯಿತು, ಸಮುದ್ರದ ಗಾಳಿಯಲ್ಲಿದ್ದ ತೇವ ಅದರ ಮೇಲೆ ಇಳಿಯಿತು, ಅಷ್ಟೇ.

ನಿಮ್ಮ ಹಾಲ್‌ನಲ್ಲಿ ಆಗುವುದೂ ಇದೇ, ಅದಕ್ಕೇ ಇದನ್ನು ಬಿಡಿಸಿ ಹೇಳುತ್ತೇನೆ. ಮಾಡು ಸೋರದಿದ್ದರೆ, ಬಾಗಿಲು ಕಿಟಕಿ ಮುಚ್ಚಿದರೆ, ತೇವ ಬರುವುದಿಲ್ಲ ಅನ್ನುವುದು ಎಲ್ಲ ಕಡೆ ಕೇಳುವ ಮಾತು, ಅದು ತಪ್ಪು. ಜುಲೈ ಬೆಳಗ್ಗೆ ಗಾಳಿ 22 ಡಿಗ್ರಿ ಸೆಲ್ಸಿಯಸ್ ಇದೆ, ತೇವಾಂಶ ನೂರಕ್ಕೆ 95 ಇದೆ ಅಂತ ಇಟ್ಟುಕೊಳ್ಳಿ. ನಮ್ಮ ಕಡೆ ಇದು ಮಾಮೂಲಿ ದಿನ. ಆ ಗಾಳಿ ಸುಮಾರು 21 ಡಿಗ್ರಿಯ ಯಾವುದನ್ನು ಮುಟ್ಟಿದರೂ ಅಲ್ಲಿ ನೀರು ಬಿಡುತ್ತದೆ. ರಾತ್ರಿಯಿಡೀ ತಣ್ಣಗಾದ ಕಾಂಕ್ರೀಟು ಗಾಳಿಗಿಂತ ಒಂದೆರಡು ಡಿಗ್ರಿ ಕಡಿಮೆ ಇದ್ದೇ ಇರುತ್ತದೆ. ಹಾಗಾಗಿ ಒಂದು ಹನಿ ಸೋರದ ಹಾಲ್‌ನಲ್ಲೂ ಬೆಳಗ್ಗೆ ಎಂಟು ಗಂಟೆಗೆ ನೆಲ ಬೆವರುತ್ತದೆ. ಆಯಾ ಬಂದು ಕಿಟಕಿಗಳನ್ನೆಲ್ಲ ತೆಗೆದರೆ ಗಾಳಿ ಆಡಿ ಒಣಗುತ್ತದೆ ಅಂದುಕೊಳ್ಳುತ್ತೇವೆ, ಆ ಹೊತ್ತಿನಲ್ಲಿ ಅದು ಇನ್ನಷ್ಟು ತೇವವನ್ನು ಒಳಗೆ ಕರೆಯುತ್ತದೆ. ಇದರ ಜೊತೆಗೆ ಜನ. ಸುಮ್ಮನೆ ಕೂತ ಮನುಷ್ಯ ಕೂಡ ಉಸಿರು ಮತ್ತು ಮೈಯಿಂದ ಗಂಟೆಗೆ 50 ಗ್ರಾಂನಷ್ಟಾದರೂ ನೀರನ್ನು ಗಾಳಿಗೆ ಬಿಡುತ್ತಾನೆ. ಮುಚ್ಚಿದ ಹಾಲ್‌ನಲ್ಲಿ 500 ಜನ ಕೂತರೆ ಗಂಟೆಗೆ 25 ಲೀಟರ್, ಒದ್ದೆ ಕೊಡೆ, ಒದ್ದೆ ಶೂ ಲೆಕ್ಕ ಬೇರೆ.

ಮೇಲಿನ ಬೆವರು ಒರೆಸಬಹುದು. ಮರದ ಒಳಗೆ ಹೋದ ತೇವವನ್ನು ಒರೆಸಲು ಬರುವುದಿಲ್ಲ. ತೋಟದವರಿಗೆ ಇದನ್ನು ಹೆಚ್ಚು ಹೇಳಬೇಕಾಗಿಲ್ಲ. ಕಣದಲ್ಲಿ ಚೆನ್ನಾಗಿ ಒಣಗಿಸಿದ ಕಾಫಿಯನ್ನು ಮಳೆಗಾಲದಲ್ಲಿ ಗಾಳಿಗೆ ತೆರೆದಿಟ್ಟರೆ ಬೀಜ ತೇವ ಎಳೆದು ಊದಿಕೊಳ್ಳುತ್ತದೆ, ಬಣ್ಣ ಬಿಳಿಚುತ್ತದೆ. ಮಾನ್ಸೂನ್ಡ್ ಮಲಬಾರ್ ಕಾಫಿ ಮಾಡುವುದೇ ಹಾಗೆ. ಮರವೂ ಅದೇ ಕೆಲಸ ಮಾಡುತ್ತದೆ. ಸುತ್ತಲಿನ ಗಾಳಿಯ ತೇವಾಂಶ ನೂರಕ್ಕೆ 50 ಇದ್ದರೆ ಮರದೊಳಗಿನ ನೀರು ತೂಕದಲ್ಲಿ ನೂರಕ್ಕೆ ಸುಮಾರು 9ಕ್ಕೆ ಬಂದು ನಿಲ್ಲುತ್ತದೆ. ಗಾಳಿ 90ರಲ್ಲಿ ತಿಂಗಳುಗಟ್ಟಲೆ ಇದ್ದರೆ ಮರ ನಿಧಾನವಾಗಿ 20ರ ಕಡೆಗೆ ಹೊರಡುತ್ತದೆ. ವಾರ್ನಿಷ್ ಇದನ್ನು ತಡ ಮಾಡುತ್ತದೆ, ನಿಲ್ಲಿಸುವುದಿಲ್ಲ. ಮರ ಉದ್ದಕ್ಕೆ ಹೆಚ್ಚೇನೂ ಬೆಳೆಯುವುದಿಲ್ಲ, ಅಗಲಕ್ಕೆ ಬೆಳೆಯುತ್ತದೆ. ನಿಮ್ಮ ಕೋರ್ಟು ಅಂಚು ಸೇರಿ 19 ಮೀಟರ್ ಅಗಲ. ಮೇಪಲ್ ನೆಲ ಹಾಕುವಾಗ ನೂರಕ್ಕೆ 8 ಇದ್ದ ತೇವ 13ಕ್ಕೆ ಏರಿದರೆ, ಹಲಗೆ ಕೊಯ್ದ ರೀತಿ ನೋಡಿಕೊಂಡು, ಆ 19 ಮೀಟರ್ ನೆಲ 15ರಿಂದ 30 ಸೆಂಟಿಮೀಟರ್ ತನಕ ಹಿಗ್ಗಲು ನೋಡುತ್ತದೆ. ಗೋಡೆಯ ಬದಿಗೆ ಸಾಮಾನ್ಯವಾಗಿ ಬಿಡುವ ಜಾಗ 5 ಸೆಂಟಿಮೀಟರ್, ನಡುನಡುವೆ ಸ್ವಲ್ಪ ಸಂದು. ಉಳಿದದ್ದು ಎಲ್ಲಿಗೆ ಹೋಗಬೇಕು? ಮೊದಲು ಹಲಗೆಗಳ ಅಂಚು ಮೇಲೆದ್ದು ನಡು ತಗ್ಗುತ್ತದೆ. ಆಮೇಲೆ ಮೊಳೆ ಕಿತ್ತುಕೊಂಡು ನೆಲ ಉಬ್ಬಿ ನಿಲ್ಲುತ್ತದೆ. ಗೋಡೆಯನ್ನು ಒತ್ತಿ ಬಿರುಕು ಬಿಡಿಸಿದ ನೆಲವನ್ನೂ ನೋಡಿದ್ದೇನೆ.

ಇಲ್ಲಿ ಒಂದು ಮಾತು ಸೇರಿಸಬೇಕು, ಯಾಕೆಂದರೆ ಇದೇ ತಪ್ಪು ಪದೇಪದೇ ನಡೆಯುತ್ತದೆ. ಅಂಚು ಎದ್ದ ನೆಲವನ್ನು ಮಳೆಗಾಲದಲ್ಲೇ ಮೆಷಿನ್ ಹಾಕಿ ಉಜ್ಜಿ ಸಮ ಮಾಡಿಸುತ್ತಾರೆ. ಬೇಸಿಗೆಯಲ್ಲಿ ಮರ ಒಣಗಿ ತನ್ನ ಆಕಾರಕ್ಕೆ ಮರಳಿದಾಗ ಅಂಚುಗಳು ಸವೆದು ಹೋಗಿರುತ್ತವೆ, ಈಗ ಪ್ರತಿ ಹಲಗೆಯ ನಡು ಎದ್ದು ನಿಲ್ಲುತ್ತದೆ. ಅಲ್ಲಿಗೆ ಆ ನೆಲದ ಆಯಸ್ಸು ಅರ್ಧ ಮುಗಿದಂತೆ.

ಈಗ ನಿಮ್ಮ ಹಿರಿಯರ ಮಾತಿಗೆ ಬರುತ್ತೇನೆ. ಅವರು ಹೇಳಿದ್ದರಲ್ಲಿ ಅರ್ಧ ನಿಜ ಇದೆ. ಎನ್‌ಬಿಎ ಕೋರ್ಟುಗಳು ಗಟ್ಟಿ ಮೇಪಲ್‌ನವು, ಬಾಸ್ಟನ್ ಸೆಲ್ಟಿಕ್ಸ್ ಮಾತ್ರ ಕೆಂಪು ಓಕ್. ಅದಕ್ಕೊಂದು ಕಾರಣ ಇದೆ. 1946ರಲ್ಲಿ ಆ ನೆಲ ಮಾಡಿಸುವಾಗ ಮಹಾಯುದ್ಧ ಆಗಷ್ಟೇ ಮುಗಿದಿತ್ತು, ಒಳ್ಳೇ ಉದ್ದದ ಮರ ಸಿಗುತ್ತಿರಲಿಲ್ಲ, ಸಿಕ್ಕ ಓಕ್ ತುಂಡುಗಳನ್ನೇ ಅಡ್ಡ ಉದ್ದ ಜೋಡಿಸಿ ಚೌಕಗಳನ್ನು ಮಾಡಿದರು. ಆ ನೆಲ 1952ರಲ್ಲಿ ಹಳೇ ಬಾಸ್ಟನ್ ಗಾರ್ಡನ್‌ಗೆ ಹೋಯಿತು, 1995ರಲ್ಲಿ ಹೊಸ ಅರೇನಾಕ್ಕೆ ಹೋಯಿತು, 1999ರ ತನಕ ಆಟ ಕಂಡಿತು. ಆ ಹಳೇ ಗಾರ್ಡನ್‌ನಲ್ಲಿ ಎಸಿಯೇ ಇರಲಿಲ್ಲ. 1984ರ ಫೈನಲ್ಸ್‌ನ ಐದನೇ ಪಂದ್ಯದ ದಿನ ಒಳಗೆ 97 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 36 ಸೆಲ್ಸಿಯಸ್ ಇತ್ತು. ಹಾಗಾದರೆ ಎಸಿ ಇಲ್ಲದೆ ಮರ ಐವತ್ತು ವರ್ಷ ಬಾಳಿತಲ್ಲ ಅಂತ ಅವರು ಕೇಳಬಹುದು, ಕೇಳಬೇಕಾದ ಪ್ರಶ್ನೆಯೇ. ಬಾಳಿದ್ದಕ್ಕೆ ಕಾರಣ ಆ ಚೌಕಗಳು. ಪ್ರತಿಯೊಂದೂ ಬೇರೆ ಬೇರೆ, ಹಿಗ್ಗಿದರೂ ತನ್ನಷ್ಟಕ್ಕೆ ತಾನು ಹಿಗ್ಗುತ್ತದೆ, 19 ಮೀಟರ್ ಪೂರ್ತಿ ಒಟ್ಟಾಗಿ ತಳ್ಳುವುದಿಲ್ಲ. ಜೊತೆಗೆ ಅಲ್ಲಿ ಆಟದ ಕಾಲ ಹೆಚ್ಚುಕಡಿಮೆ ಚಳಿಗಾಲ, ಹೀಟರ್ ಹಾಕಿದ ಒಳಗಿನ ಗಾಳಿ ಒಣಗಿಯೇ ಇರುತ್ತದೆ. ಸೀಸನ್ ಮುಗಿದರೆ ಬಿಚ್ಚಿಡುತ್ತಾರೆ. ಇಷ್ಟಾದರೂ ಅಲ್ಲಲ್ಲಿ ಚೆಂಡು ಸರಿಯಾಗಿ ಪುಟಿಯುವುದಿಲ್ಲ ಅಂತ ಎದುರಾಳಿಗಳು ದೂರುತ್ತಲೇ ಇದ್ದರು.

ಸಿಲ್ವರ್ ಓಕ್ ಆ ಓಕ್ ಅಲ್ಲ. ಅದು ಆಸ್ಟ್ರೇಲಿಯಾದಿಂದ ಬಂದ ಬೇರೆಯೇ ಜಾತಿಯ ಮರ, ನಮ್ಮ ತೋಟಗಳಲ್ಲಿ ನೆರಳಿಗೆ ಮತ್ತು ಮೆಣಸಿನ ಬಳ್ಳಿಗೆ ಒಳ್ಳೆಯದು, ಪ್ಲೈವುಡ್‌ಗೂ ಹೋಗುತ್ತದೆ. ಕೋರ್ಟಿಗೆ ಮೆದು. ತೇಗದ ವಿಷಯದಲ್ಲಿ ಮಾತ್ರ ಹಿರಿಯರನ್ನು ಒಪ್ಪುವ ಭಾಗ ಇದೆ: ತೇವ ಏರಿಳಿದರೆ ತೇಗ ಹಿಗ್ಗಿ ಕುಗ್ಗುವುದು ಮೇಪಲ್‌ನ ಸುಮಾರು ಅರ್ಧದಷ್ಟೇ. ನಮ್ಮ ಹಳೇ ಮನೆಗಳ ಬಾಗಿಲು ಕಿಟಕಿ ಅಷ್ಟು ವರ್ಷ ನಿಂತಿರುವುದಕ್ಕೆ ಕಾರಣ ಇದೆ. ಆದರೆ ತೇಗ ಮೇಪಲ್‌ನಷ್ಟು ಗಟ್ಟಿ ಅಲ್ಲ, ಕುರ್ಚಿ ಕಾಲು ಬಿದ್ದರೆ ಗುಳಿ ಬೀಳುತ್ತದೆ. ಅದರೊಳಗಿನ ಎಣ್ಣೆಯಂಶದಿಂದ ಮೇಲಿನ ಕೋಟಿಂಗ್ ಸರಿಯಾಗಿ ಹಿಡಿಯದೇ ಎದ್ದು ಬರುವುದೂ ಉಂಟು. ತೋಟದಲ್ಲಿ ಬೇಗ ಬೆಳೆದ ಎಳೆ ತೇಗವನ್ನು ಹತ್ತಿರದ ಮಿಲ್ಲಿನಲ್ಲಿ ಕೊಯ್ದು, ಯಂತ್ರದಲ್ಲಿ ಒಣಗಿಸದೆ ನೇರ ಹಾಸಿದರೆ ಮೇಪಲ್‌ಗಿಂತ ಮೊದಲೇ ಕೆಡುತ್ತದೆ. ಬೀಟೆ ಅಂತ ಯಾರಾದರೂ ಹೇಳಿದರೆ ಮಾತು ಮುಂದುವರಿಸಬೇಡಿ. ಅರಣ್ಯ ಇಲಾಖೆಯ ಅನುಮತಿಗೆ ಓಡಾಡುವುದೇ ಒಂದು ಕೆಲಸ, ಮೇಲಾಗಿ ಬಣ್ಣ ಕಪ್ಪು, ಹಾಲ್ ಕತ್ತಲಾಗುತ್ತದೆ. ಮತ್ತೆ ಮರ ಯಾವುದೇ ಆಗಲಿ, ನಮ್ಮ ಕಡೆ ಗೆದ್ದಲು ಇದೆ. ನೆಲದ ಕೆಳಗೆ ಅಡ್ಡಪಟ್ಟಿಗಳ ನಡುವಿನ ಕತ್ತಲೆ ಜಾಗ ಅದಕ್ಕೆ ಬಹಳ ಇಷ್ಟ.

ಮಂಡಿ ನೋವಿನ ಬಗ್ಗೆ. ಮರದಿಂದ ಮಂಡಿಗೆ ಸುಖ ಅನ್ನುವುದಕ್ಕಿಂತ ಮರದ ಕೆಳಗೆ ಏನಿದೆ ಅನ್ನುವುದು ಮುಖ್ಯ. ಒಳ್ಳೇ ಕ್ರೀಡಾ ನೆಲದಲ್ಲಿ ಹಲಗೆಯ ಕೆಳಗೆ ಪ್ಲೈವುಡ್ ಪದರ ಅಥವಾ ಅಡ್ಡಪಟ್ಟಿ, ಅದರ ಕೆಳಗೆ ರಬ್ಬರ್ ಪ್ಯಾಡ್ ಇರುತ್ತದೆ, ಹಾರಿ ಇಳಿದಾಗ ಆ ಇಡೀ ಭಾಗ ಸ್ವಲ್ಪ ಬಾಗಿ ಹೊಡೆತ ನುಂಗುತ್ತದೆ. ಕಾಂಕ್ರೀಟಿಗೆ ನೇರವಾಗಿ ಮರ ಬಡಿದರೆ ಅದು ಕಾಂಕ್ರೀಟಿನಷ್ಟೇ ಗಡುಸು. ಒಳಾಂಗಣ ಕ್ರೀಡಾ ನೆಲಗಳ ಯುರೋಪಿನ ಮಾನದಂಡ ಇಎನ್ 14904 ಪ್ರಕಾರ, ಕಾಂಕ್ರೀಟಿಗೆ ಹೋಲಿಸಿದರೆ ನೆಲ ಹೊಡೆತವನ್ನು ಕನಿಷ್ಠ ನೂರಕ್ಕೆ 25ರಷ್ಟು ಕಡಿಮೆ ಮಾಡಬೇಕು, ಚೆಂಡು ನೂರಕ್ಕೆ 90ರಷ್ಟಾದರೂ ಪುಟಿಯಬೇಕು. ಕೆಳಗೆ ಫೋಮ್ ಅಥವಾ ರಬ್ಬರ್ ಪದರ ಇರುವ ಒಳ್ಳೇ ಸಿಂಥೆಟಿಕ್ ನೆಲವೂ ಇದನ್ನು ಮುಟ್ಟುತ್ತದೆ. ಮರದ ಒಳ್ಳೇ ವ್ಯವಸ್ಥೆ ಇದಕ್ಕಿಂತ ಮೇಲೆ ಹೋಗುತ್ತದೆ, ಒಪ್ಪುತ್ತೇನೆ, ಕಾಲಿಗೆ ಅದರ ಸುಖವೇ ಬೇರೆ. ಆದರೆ ಸಿಮೆಂಟಿನ ಮೇಲೆ ಆಡುತ್ತಿದ್ದ ನಿಮ್ಮ ಮಕ್ಕಳಿಗೆ ಈ ಎರಡರಲ್ಲಿ ಯಾವುದು ಬಂದರೂ ದೊಡ್ಡ ವ್ಯತ್ಯಾಸ ಗೊತ್ತಾಗುತ್ತದೆ.

ಸರಿ, ಗಾಳಿಯಿಂದ ನೀರು ಹಿಂಡುವ ಡಿಹ್ಯೂಮಿಡಿಫೈಯರ್ ಯಂತ್ರ ಇಟ್ಟು ಮರವನ್ನೇ ಉಳಿಸಿಕೊಳ್ಳಬಹುದಲ್ಲ ಅಂದರೆ, ಲೆಕ್ಕ ಹಾಕಿ ನೋಡಿ. ಕೋರ್ಟು, ಸುತ್ತ ಜಾಗ, ಎತ್ತರ ಎಲ್ಲ ಸೇರಿ ಹಾಲ್‌ನ ಒಳಗೆ 5,000 ಘನ ಮೀಟರ್‌ಗೂ ಹೆಚ್ಚು ಗಾಳಿ ಇರುತ್ತದೆ. ಹೊರಗಿನ 95 ತೇವಾಂಶದ ಗಾಳಿಯನ್ನು ಮರಕ್ಕೆ ಒಪ್ಪುವ 55ಕ್ಕೆ ಇಳಿಸಲು ಪ್ರತಿ ಘನ ಮೀಟರ್‌ನಿಂದ 7-8 ಗ್ರಾಂ ನೀರು ತೆಗೆಯಬೇಕು. ಹಾಲ್‌ನ ಗಾಳಿ ಒಂದು ಸಲ ಪೂರ್ತಿ ಬದಲಾದರೆ ಸುಮಾರು 40 ಲೀಟರ್ ಆಯಿತು. ಕಿಟಕಿ, ಶೀಟಿನ ಸಂದು, ಬಾಗಿಲು ಅಂತ ಗಾಳಿ ಗಂಟೆಗೊಮ್ಮೆ ಬದಲಾಗುವ ಹಾಲ್‌ನಲ್ಲಿ ದಿನಕ್ಕೆ ಸಾವಿರ ಲೀಟರ್ ಆಸುಪಾಸು. ಬಿಗಿಯಾಗಿ ಮುಚ್ಚಿದ ಹಾಲ್ ಆದರೆ ಇದರ ಐದನೇ ಒಂದು ಭಾಗಕ್ಕೆ ಇಳಿಸಬಹುದು, ಆಗಲೂ ದಿನಕ್ಕೆ 200 ಲೀಟರ್. ಮನೆಗೆ ತರುವ ಯಂತ್ರ ದಿನಕ್ಕೆ ತೆಗೆಯುವುದು 20ರಿಂದ 50 ಲೀಟರ್. ಅಂದರೆ ನಿಮಗೆ ಬೇಕಾಗುವುದು ಕಾರ್ಖಾನೆಗೆ ಹಾಕುವಂಥ ಯಂತ್ರ, ಅದು ಜೂನ್‌ನಿಂದ ಅಕ್ಟೋಬರ್ ತನಕ ಹಗಲು ರಾತ್ರಿ ಓಡಬೇಕು, ಮಕ್ಕಳು ಆಡುವ ಎರಡು ಗಂಟೆ ಮಾತ್ರ ಅಲ್ಲ. ಈಗ ನೀವೇ ಹೇಳಿ, ಗಾಳಿ ಮಳೆಗೆ ಮರ ಬಿದ್ದು ಲೈನ್ ಹೋದರೆ ನಿಮ್ಮಲ್ಲಿ ಕರೆಂಟ್ ಎಷ್ಟು ದಿನಕ್ಕೆ ಬರುತ್ತದೆ? ಯಂತ್ರ ಒಂದು ವಾರ ನಿಂತರೆ ಸಾಕು, ಎರಡು ತಿಂಗಳು ಕಾಪಾಡಿದ್ದೆಲ್ಲ ಹೋಗುತ್ತದೆ. ಜನರೇಟರ್, ಡೀಸೆಲ್, ಅದನ್ನು ನೋಡಿಕೊಳ್ಳುವ ಒಬ್ಬ ಆಳು, ಇದು ಪ್ರತಿ ವರ್ಷದ ಖರ್ಚು. ಹಳೇ ವಿದ್ಯಾರ್ಥಿಗಳ ಹಣ ಕಟ್ಟಡಕ್ಕೆ ಬಂದಿದೆ, ಪ್ರತಿ ಜುಲೈಯ ಕರೆಂಟ್ ಬಿಲ್ಲಿಗೆ ಬಂದಿಲ್ಲ.

2019ರ ಅಕ್ಟೋಬರ್‌ನಲ್ಲಿ ಮುಂಬೈನ ಎನ್‌ಎಸ್‌ಸಿಐ ಡೋಮ್‌ನಲ್ಲಿ ಸ್ಯಾಕ್ರಮೆಂಟೊ ಕಿಂಗ್ಸ್ ಮತ್ತು ಇಂಡಿಯಾನಾ ಪೇಸರ್ಸ್ ಎರಡು ಪಂದ್ಯ ಆಡಿದರು, ಭಾರತದಲ್ಲಿ ನಡೆದ ಮೊದಲ ಎನ್‌ಬಿಎ ಪಂದ್ಯಗಳು ಅವು. ಕಮಿಟಿಯಲ್ಲಿ ಯಾರಾದರೂ ಇದನ್ನು ಉದಾಹರಣೆ ಕೊಟ್ಟರೆ, ಅದು ಎರಡು ದಿನದ ಆಟ, ಎಸಿ ಹಾಲ್, ಪಂದ್ಯಕ್ಕಾಗಿ ಹಾಸಿದ ನೆಲ ಅಂತ ಹೇಳಿ. ನಿಮ್ಮದು ಇಪ್ಪತ್ತು ವರ್ಷದ ಆಟ.

ಹಾಗಾದರೆ ದಾರಿ ಏನು? ನನಗೆ ಕಾಣುವುದು ನಾಲ್ಕು. ಎಲ್ಲಕ್ಕಿಂತ ಅಗ್ಗ, ಈಗಿನ ಕೋರ್ಟಿಗೇ ಎತ್ತರದ ಮಾಡು ಹಾಕಿ ಬದಿ ತೆರೆದಿಡುವುದು, ನೆಲಕ್ಕೆ ಅಕ್ರಿಲಿಕ್ ಬಳಿಯುವುದು. ವರ್ಷದ ಎಂಟು ತಿಂಗಳು ಇದು ಚೆನ್ನಾಗಿ ನಡೆಯುತ್ತದೆ. ತೊಂದರೆ ಇರುವುದು ಎರಚಲಿನಲ್ಲಿ. ಗಾಳಿ ಸೇರಿದ ಮಳೆ ಬದಿಯಿಂದ ನಾಲ್ಕೈದು ಮೀಟರ್ ಒಳಗೆ ಬರುತ್ತದೆ, ಒದ್ದೆ ಅಕ್ರಿಲಿಕ್ ಮೇಲೆ ಓಡುವ ಮಗು ಜಾರುತ್ತದೆ, ಆ ದಿನ ಆಟ ನಿಲ್ಲಿಸುವ ಧೈರ್ಯ ಟೀಚರ್‌ಗೆ ಬೇಕು. ಇನ್ನೊಂದು ತುದಿಯಲ್ಲಿರುವುದು ಮರ, ಬಿಗಿಯಾದ ಹಾಲ್, ಯಂತ್ರ, ಜನರೇಟರ್. ಅದರ ಕಷ್ಟ ಮೇಲೆ ಹೇಳಿದೆ. ಮೂರನೆಯದು, ಅರೇನಾಗಳಂತೆ ಬಿಚ್ಚಿಡುವ ಮರದ ಪ್ಯಾನೆಲ್. ಕೇಳಲು ಚೆನ್ನಾಗಿದೆ, ಆದರೆ ಬಿಚ್ಚಿದ್ದನ್ನು ಇಡಲೂ ಒಣ ಕೋಣೆ ಬೇಕು, ಜೋಡಿಸಲು ಪಳಗಿದ ಕೈ ಬೇಕು, ಸುಮ್ಮನೆ ಎಳೆದಾಡಿದರೆ ಕೊಂಡಿಗಳು ಸಡಿಲವಾಗಿ ಅಲ್ಲಲ್ಲಿ ಮೆಟ್ಟಿಲಾಗುತ್ತದೆ. ಶಾಲೆಗೆ ನಾನು ಇದನ್ನು ಹೇಳುವುದಿಲ್ಲ.

ನಾನು ಹೇಳುವುದು ನಾಲ್ಕನೆಯದು: ಮುಚ್ಚಿದ ಹಾಲ್, ಸಿಂಥೆಟಿಕ್ ನೆಲ. ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆ ಫಿಬಾದ ಅತಿ ಮೇಲಿನ ಹಂತದ ಪಂದ್ಯಗಳಿಗೆ ಮರ ಬೇಕು, ಅದರ ಕೆಳಗಿನ ಹಂತಗಳಿಗೆ ಅವರು ಸಿಂಥೆಟಿಕ್ ಒಪ್ಪುತ್ತಾರೆ. ಹಾಗಾಗಿ ಇದು ಎರಡನೇ ದರ್ಜೆಯ ನೆಲ ಅಂತ ಯಾರೂ ಬೇಸರ ಮಾಡಿಕೊಳ್ಳಬೇಕಾಗಿಲ್ಲ. ಇದರಲ್ಲೂ ಆಯ್ಕೆ ಇದೆ. ರೋಲ್‌ನಲ್ಲಿ ಬಂದು ಅಂಟಿಸುವ ವಿನೈಲ್ ನೋಡಲು ಮರದಂತೆಯೇ ಇರುತ್ತದೆ, ಆಟಕ್ಕೂ ಚೆನ್ನ, ಆದರೆ ಕಾಂಕ್ರೀಟಿನಿಂದ ತೇವ ಮೇಲೆ ಬಂದರೆ ಅಂಟು ಬಿಟ್ಟು ಗುಳ್ಳೆ ಏಳುತ್ತದೆ. ರಬ್ಬರ್ ಪದರದ ಮೇಲೆ ಸುರಿದು ಮಾಡುವ ಪಿಯು (ಪಾಲಿಯುರೆಥೇನ್) ನೆಲಕ್ಕೆ ಜೋಡಣೆಯ ಸಂದೇ ಇರುವುದಿಲ್ಲ, ಊರಿನ ಕಾರ್ಯಕ್ರಮದ ಕುರ್ಚಿಗಳನ್ನೂ ತಾಳುತ್ತದೆ. ಕೆಟ್ಟರೆ ಆ ಜಾಗ ಮಾತ್ರ ರಿಪೇರಿ ಮಾಡಿಸಬಹುದು. ಒಂದಕ್ಕೊಂದು ಸಿಕ್ಕಿಸುವ ಪ್ಲಾಸ್ಟಿಕ್ ಟೈಲ್ಸ್ ಅಗ್ಗ, ಅದರ ಕೆಳಗೆ ನೀರು ಹರಿದು ಹೋಗುತ್ತದೆ, ಆದರೆ ತೇವ ಕೂತರೆ ಹಿಡಿತ ಕಡಿಮೆ, ಮಂಡಿಗೂ ಅಷ್ಟೇನೂ ಸಹಾಯ ಇಲ್ಲ. ನಿಮ್ಮ ಹಾಲ್‌ಗೆ ನನ್ನ ಆಯ್ಕೆ ಪಿಯು.

ಆದರೆ ಮೇಲೆ ಏನು ಹಾಕಿದರೂ ಕೆಳಗಿನ ಕಾಂಕ್ರೀಟು ಮತ್ತು ಮೇಲಿನ ಮಾಡು ಸರಿ ಇಲ್ಲದಿದ್ದರೆ ಎಲ್ಲವೂ ವ್ಯರ್ಥ. ಕೊಡಗಿನಲ್ಲಿ ಸಮತಟ್ಟು ಜಾಗ ಅಂದರೆ ಹೆಚ್ಚಾಗಿ ಗುಡ್ಡದ ಬರೆ ಕಡಿದು ಮಾಡಿದ್ದು. ಆ ಕಡಿದ ಬದಿಯಿಂದ ಆಗಸ್ಟ್‌ನಲ್ಲಿ ನೀರು ಒಸರುತ್ತದೆ. 2018ರ ಆಗಸ್ಟ್‌ನ ಗುಡ್ಡ ಕುಸಿತ ನೋಡಿದ ಮೇಲೆ ಇದನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ಮಣ್ಣು ಪರೀಕ್ಷೆ ಮಾಡಿಸಿ, ಸ್ಟ್ರಕ್ಚರಲ್ ಇಂಜಿನಿಯರ್ ಸಹಿ ಇಲ್ಲದೆ ಬರೆಗೆ ಜೆಸಿಬಿ ಹಚ್ಚಬೇಡಿ, ಕಡಿದ ಬದಿಗೆ ಅಡಿಪಾಯಕ್ಕಿಂತ ಆಳದ ಚರಂಡಿ ಮಾಡಿ ಜಲ್ಲಿ ತುಂಬಿಸಿ. ನೆಲ ಹೊರಗಿನ ಮಟ್ಟದಿಂದ ಒಂದೂವರೆ ಅಡಿಯಾದರೂ ಮೇಲೆ ಇರಲಿ. ಕಾಂಕ್ರೀಟಿನ ಕೆಳಗೆ ಜಲ್ಲಿ ಪದರ, ಅದರ ಮೇಲೆ 250 ಮೈಕ್ರಾನ್ ಪಾಲಿಥಿನ್ ಹಾಳೆ, ಹಾಳೆಗಳು ಒಂದರ ಮೇಲೊಂದು ಬಂದು ಟೇಪ್ ಬಿದ್ದಿರಬೇಕು. ಇದು ಇಡೀ ಕೆಲಸದಲ್ಲಿ ತೀರ ಕಡಿಮೆ ಖರ್ಚಿನದು, ಕಾಂಟ್ರಾಕ್ಟರ್‌ಗಳು ಮೊದಲು ಬಿಡುವುದೂ ಇದನ್ನೇ. ಹಾಳೆ ಹಾಸುವ ದಿನ ನೀವೇ ಹೋಗಿ ನಿಂತುಕೊಳ್ಳಿ.

ಮಾಡಿನ ಬಗ್ಗೆ ಎರಡು ಪ್ರಸಂಗ ನೆನಪಿಡಿ. 1986ರ ಜನವರಿ 5ರಂದು ಸಿಯಾಟಲ್‌ನಲ್ಲಿ ಸೂಪರ್‌ಸಾನಿಕ್ಸ್ ಮತ್ತು ಫೀನಿಕ್ಸ್ ಸನ್ಸ್ ಪಂದ್ಯ ಮಾಡು ಸೋರಿ ನಡುವೆಯೇ ನಿಂತಿತು, ಎನ್‌ಬಿಎ ಪಂದ್ಯವೊಂದು ಮಳೆಯಿಂದ ನಿಂತದ್ದು ಅದೇ ಮೊದಲು. 2018ರ ಫೆಬ್ರವರಿ 7ರಂದು ನ್ಯೂ ಆರ್ಲಿಯನ್ಸ್‌ನಲ್ಲೂ ಪೆಲಿಕನ್ಸ್ ತಂಡದ ಪಂದ್ಯ ಮಾಡಿನ ಸೋರಿಕೆಯಿಂದಲೇ ಮುಂದಕ್ಕೆ ಹೋಯಿತು. ಅಷ್ಟು ದುಡ್ಡಿನ ಕಟ್ಟಡಗಳಿಗೇ ಹೀಗೆ. ನಿಮಗೆ ಸರಳವಾದ ಎರಡು ಇಳಿಜಾರಿನ ಮಾಡು ಸಾಕು. ನಡುವೆ ಗಟರ್ ಬರುವಂಥ ವಿನ್ಯಾಸ ಬೇಡವೇ ಬೇಡ, ಎಲೆ ಕಟ್ಟಿಕೊಂಡು ನೀರು ಒಳಗೇ ಇಳಿಯುತ್ತದೆ. ಬೆಳಕಿಗೆ ಅಂತ ಮಾಡಿನಲ್ಲಿ ಪಾರದರ್ಶಕ ಶೀಟ್ ಇಡುತ್ತಾರೆ, ಅದರ ಜೋಡಣೆಯಲ್ಲೇ ಮೊದಲ ಸೋರಿಕೆ. ಬೆಳಕನ್ನು ಗೋಡೆಯ ಮೇಲ್ಭಾಗದಿಂದ ತನ್ನಿ. ಬರೀ ತಗಡಿನ ಶೀಟ್ ಹಾಕಿದರೆ ಅದರ ಒಳಮೈಯಲ್ಲಿ ಬೆವರು ಕಟ್ಟಿ ಕೋರ್ಟಿನ ಮೇಲೆ ತೊಟ್ಟಿಕ್ಕುತ್ತದೆ, ಮಳೆ ಜೋರಾದರೆ ನಿಮ್ಮ ವಿಸಿಲ್ ಯಾರಿಗೂ ಕೇಳುವುದಿಲ್ಲ. ಎರಡು ಶೀಟಿನ ನಡುವೆ ಫೋಮ್ ತುಂಬಿದ ಪಫ್ ಪ್ಯಾನೆಲ್ ಹಾಕಿಸಿ. ಮರಕ್ಕೆ ಅಂತ ಇಟ್ಟ ಹಣದಲ್ಲಿ ಒಂದು ಪಾಲು ಇಲ್ಲಿಗೆ ಹೋಗಲಿ, ಈ ಒಂದು ಮಾತನ್ನಾದರೂ ಕಮಿಟಿಯಲ್ಲಿ ಬಿಟ್ಟುಕೊಡಬೇಡಿ.

ಕೆಲಸದ ಕಾಲವೂ ಮುಖ್ಯ. ಅಡಿಪಾಯ ನವೆಂಬರ್ ಕೊನೆಗೆ ಶುರುವಾಗಲಿ. ಕಾಫಿ ಹೂ ಬಿಡಿಸುವ ಹೂಮಳೆ ಬರುವುದರೊಳಗೆ ಮಾಡು ಮೇಲೇರಲಿ. ಮಾಡಿನ ಕೆಳಗೆ ಕಾಂಕ್ರೀಟ್ ಹಾಕಿಸಿ, ಮಾಡಿಗಿಂತ ಮೊದಲು ಬೇಡ. ಕಾಂಕ್ರೀಟು ಒಳಗಿನ ತನಕ ಒಣಗಲು, ಹವೆ ಚೆನ್ನಾಗಿದ್ದರೂ, ದಪ್ಪದ ಪ್ರತಿ ಇಂಚಿಗೆ ಒಂದು ತಿಂಗಳ ಲೆಕ್ಕ. ಐದಾರು ಇಂಚಿನ ನೆಲ ಜೂನ್‌ಗೆ ಮೊದಲು ಒಣಗುವುದು ಆಗದ ಮಾತು. ಆದ್ದರಿಂದ ಮೊದಲ ಮಳೆಗಾಲ ಮಕ್ಕಳು ಬರೀ ಕಾಂಕ್ರೀಟಿನ ಮೇಲೆ ಮಾಡಿನಡಿಯಲ್ಲಿ ಆಡಲಿ, ಪಾಚಿಯ ಕೋರ್ಟಿಗಿಂತ ಅದು ಎಷ್ಟೋ ವಾಸಿ. ಮುಂದಿನ ಜನವರಿಯಲ್ಲಿ ಅಲ್ಲಲ್ಲಿ ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಬದಿ ಟೇಪ್ ಹಾಕಿ ಒಂದು ಇಡೀ ದಿನ ಬಿಡಿ. ಹಾಳೆಯ ಕೆಳಗೆ ಹನಿ ಕಂಡರೆ ಅಥವಾ ಕಾಂಕ್ರೀಟು ಕಪ್ಪಾಗಿದ್ದರೆ ಇನ್ನೂ ಒಣಗಿಲ್ಲ. ಪೂರ್ತಿ ಒಣಗಿದ ಮೇಲೆಯೇ ಪಿಯು.

ಅಳತೆಯಲ್ಲಿ ಎನ್‌ಬಿಎ ಬೇಡ. ಅವರದು 94 ಅಡಿಗೆ 50 ಅಡಿ. ನಿಮ್ಮ ಮಕ್ಕಳು ಆಡಬೇಕಾದದ್ದು ಫಿಬಾ ನಿಯಮದಲ್ಲಿ: 28 ಮೀಟರ್‌ಗೆ 15 ಮೀಟರ್, ಸುತ್ತ 2 ಮೀಟರ್ ಖಾಲಿ, ಮೇಲೆ ಕನಿಷ್ಠ 7 ಮೀಟರ್ ಅಡ್ಡಿ ಇಲ್ಲದ ಎತ್ತರ, ಮೂರು ಪಾಯಿಂಟ್ ಗೆರೆ 6.75 ಮೀಟರ್. ರಿಂಗ್ ಎರಡರಲ್ಲೂ 3.05 ಮೀಟರ್, ಅದನ್ನು ಏರಿಸಿ ಇಳಿಸುವಂತೆ ಕೂರಿಸಿ. ಮುಂದೆ ಎಂದಾದರೂ ನೆಲ ಎತ್ತರವಾದರೆ ಕಂಬ ಕೀಳುವ ಕೆಲಸ ಇರುವುದಿಲ್ಲ. ಬಾಗಿಲುಗಳ ಕೆಳಗೂ ಅಷ್ಟು ಜಾಗ ಇರಲಿ. ಯಾಕೆಂದರೆ ಮರದ ನೆಲದ ದಾರಿಯನ್ನು ನಾನು ಪೂರ್ತಿ ಮುಚ್ಚುತ್ತಿಲ್ಲ. ಹತ್ತು ವರ್ಷದ ನಂತರ ಶಾಲೆಗೆ ಶಕ್ತಿ ಬಂದರೆ, ಕರೆಂಟ್ ನಂಬುವಂತಾದರೆ, ಅದೇ ಕಾಂಕ್ರೀಟಿನ ಮೇಲೆ ಮರ ಹಾಕಬಹುದು.

ದಿನನಿತ್ಯದ ಒಂದೆರಡು ಮಾತು. ಮಳೆಗಾಲದಲ್ಲಿ ರಾತ್ರಿ ಮತ್ತು ಬೆಳಗ್ಗೆ ಕಿಟಕಿ ಮುಚ್ಚಿರಲಿ, ಆಟದ ಹೊತ್ತಿನಲ್ಲಿ ಎಕ್ಸಾಸ್ಟ್ ಫ್ಯಾನ್ ಓಡಲಿ, ಮಾಡಿನಿಂದ ಇಳಿಬಿಟ್ಟ ದೊಡ್ಡ ನಿಧಾನದ ಫ್ಯಾನ್ ಎರಡು ಇದ್ದರೆ ನೆಲ ಬೆವರುವುದು ಬಹಳ ಕಡಿಮೆಯಾಗುತ್ತದೆ. ಬಾಗಿಲ ಹೊರಗೆ ಶೂ ಬದಲಿಸುವ ಜಗಲಿ ಮಾಡಿಸಿ, ಕೆಂಪು ಮಣ್ಣು ಒಳಗೆ ಬಂದರೆ ಯಾವ ನೆಲವೂ ಉಳಿಯುವುದಿಲ್ಲ. ಬಕೆಟ್ ನೀರು, ಫಿನಾಯಿಲ್ ಹಾಕಿ ಒರೆಸುವ ಅಭ್ಯಾಸ ಈ ಹಾಲ್‌ನಲ್ಲಿ ಬೇಡ, ಒಣ ಮಾಪ್ ಸಾಕು. ಕಾರ್ಯಕ್ರಮದ ದಿನ ಮ್ಯಾಟ್ ಹಾಸಿ, ಅಡುಗೆ ಹೊರಗೆ ಇರಲಿ.

ಕಮಿಟಿಯವರು ಇಷ್ಟಕ್ಕೂ ಮರವೇ ಅಂದರೆ ಜಗಳ ಮಾಡಬೇಡಿ. ಗಾಳಿಯ ತೇವಾಂಶ ತೋರಿಸುವ ಚಿಕ್ಕ ಡಿಜಿಟಲ್ ಮೀಟರ್ ಸಿಗುತ್ತದೆ, ದುಬಾರಿ ಏನಲ್ಲ. ಈಗಿನ ಶಾಲೆಯ ಯಾವುದಾದರೂ ದೊಡ್ಡ ಕೋಣೆಯಲ್ಲಿ ಅದನ್ನು ಇಟ್ಟು ಜೂನ್‌ನಿಂದ ಬೆಳಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಒಂದು ಪುಸ್ತಕದಲ್ಲಿ ಬರೆದಿಡಿ, ಮಕ್ಕಳಿಂದಲೇ ಬರೆಸಬಹುದು. ಆಮೇಲೆ ಆ ಕಾಂಟ್ರಾಕ್ಟರ್ ಹತ್ತಿರ ಮೂರು ವಿಷಯ ಬರವಣಿಗೆಯಲ್ಲಿ ಕೇಳಿ: ಹಾಸುವ ದಿನ ಮರದಲ್ಲಿ ಎಷ್ಟು ತೇವ ಇರುತ್ತದೆ, ಹಾಲ್‌ನ ಗಾಳಿಯ ತೇವಾಂಶ ಎಷ್ಟರೊಳಗೆ ಇದ್ದರೆ ನಿಮ್ಮ ವಾರಂಟಿ ನಡೆಯುತ್ತದೆ, ಎರಡನೇ ಮಳೆಗಾಲದಲ್ಲಿ ಹಲಗೆ ಎದ್ದರೆ ಖರ್ಚು ಯಾರದು. ತೇವದಿಂದಾದ ಹಾನಿಗೆ ವಾರಂಟಿ ಇಲ್ಲ ಅನ್ನುವ ಸಾಲು ಹೆಚ್ಚಿನ ಪತ್ರಗಳಲ್ಲಿ ಎಲ್ಲೋ ಕೆಳಗೆ ಇರುತ್ತದೆ, ಅದನ್ನು ಹುಡುಕಿ ಓದಿ. ಅವರು ಕೊಟ್ಟ ತೇವಾಂಶದ ಮಿತಿಯನ್ನೂ ನಿಮ್ಮ ಪುಸ್ತಕದ ಜುಲೈ ತಿಂಗಳ ಪುಟವನ್ನೂ ಮುಂದಿನ ಮೀಟಿಂಗ್‌ನಲ್ಲಿ ಪಕ್ಕಪಕ್ಕ ಇಡಿ.